ಹಿಂದಿನ ಗೋಡೆಯ ಪದ

“ಈ ಗೋಡೆಗೆ ಒಂದು ಕಿಂಡಿ ಆದ್ರೂ ಯಾಕಿಲ್ಲ?”

ಬಡಗಿ ಇದನ್ನು ಕೇಳಿದ್ದು ಯಾರನ್ನೂ ಅಲ್ಲ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಬೆನ್ನು ನೀವುತ್ತಾ, ಎದುರಿನ ಗೋಡೆಯನ್ನೇ ನೋಡಿಕೊಂಡು ಕೇಳಿದ. ಗೋಡೆಗೆ ಬಾಯಿಲ್ಲ. ಒಲೆಯ ಮುಂದೆ ಕೂತಿದ್ದ ಅತ್ತೆಗೆ ಬಾಯಿತ್ತು, ಆದರೆ ಅವರು ಕೇಳಿಸದವರಂತೆ ಪಾತ್ರೆಯ ಮುಚ್ಚಳ ಸರಿಮಾಡಿದರು. ಹೆಂಡತಿ ಮಾತ್ರ ಕಣ್ಣಲ್ಲೇ ‘ಸುಮ್ಮನಿರಿ’ ಎಂದಳು.

ಮಗಳಿಗೆ ಆರು ವರ್ಷ. ಎಲ್ಲರೂ ಚಿಣ್ಣಿ ಎನ್ನುತ್ತಿದ್ದರು. ಅವಳ ಎದೆಯೊಳಗೆ ಯಾರೋ ತುಕ್ಕು ಹಿಡಿದ ಗರಗಸ ಎಳೆಯುತ್ತಿದ್ದಂತೆ ಸದ್ದು. ನಾಲ್ಕು ತಿಂಗಳ ಹಿಂದೆ ಆ ಸದ್ದು ಇರಲಿಲ್ಲ. ಆಗ ಅವರು ಈ ಮನೆಯಲ್ಲೂ ಇರಲಿಲ್ಲ. ದೂರದ ಊರಿನ ಮರದ ಮಿಲ್ಲು ಬಾಗಿಲು ಹಾಕಿದ ಮೇಲೆ ಬಡಗಿಗೆ ಇಲ್ಲಿಯ ಕುರ್ಚಿ ಮೇಜಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಮೂರು ಜನರೂ ಹೆಂಡತಿಯ ತವರಿಗೇ ಬಂದಿಳಿದಿದ್ದರು. ಅತ್ತೆ ಒಬ್ಬರೇ ಇದ್ದರು, ಜಾಗ ಸಾಕಾಗಿತ್ತು.

ಜಾಗವೇನೋ ಸಾಕು, ಗಾಳಿ ಸಾಲದು. ಉದ್ದನೆಯ ಒಂದೇ ಕೋಣೆ. ಬಾಗಿಲೂ ಕಿಟಕಿಯೂ ಮುಂದಿನ ಗೋಡೆಯಲ್ಲೇ. ಅವೆರಡೂ ತೆರೆಯುವುದು ಲಾರಿ ರಸ್ತೆಗೆ, ಅದರಾಚೆಯ ಎರಕದ ಕಾರ್ಖಾನೆಯ ಹೊಗೆಗೊಳವೆಗೆ. ಹಿಂದಿನ ಗೋಡೆ ಈ ತುದಿಯಿಂದ ಆ ತುದಿಯವರೆಗೆ ಬೋಳು. ಒಲೆಯ ಹೊಗೆ ಮೇಲೇರಿ, ಸೂರಿನಲ್ಲಿ ಅತ್ತಿತ್ತ ಹುಡುಕಾಡಿ, ದಾರಿ ಕಾಣದೆ ಮತ್ತೆ ಕೆಳಗೇ ಇಳಿಯುತ್ತಿತ್ತು. ನಲವತ್ತು ಮನೆಗಳ ಆ ಸಾಲಿನಲ್ಲಿ ನಲವತ್ತೂ ಹೀಗೆಯೇ. ನೆರಳಿಗೆ ಒಂದು ಮರವಿಲ್ಲ. ಆದರೆ ಹಿಂದಿನ ಗೋಡೆಗೆ ಕಿವಿಯಿಟ್ಟರೆ ಆಚೆ ಎಲೆಗಳು ಸರಸರ ಎನ್ನುವುದು ಕೇಳುತ್ತಿತ್ತು. ಅಲ್ಲಿ ಒಂದು ಓಣಿಯಷ್ಟು ಜಾಗ ಬಿಟ್ಟು ಮೇಲಿನ ಬಡಾವಣೆಯ ಉದ್ಯಾನ ಶುರುವಾಗುತ್ತಿತ್ತು. ಇಪ್ಪತ್ತು ವರ್ಷದಿಂದ ಕಿಟಕಿ ಚೌಕಟ್ಟು ಮಾಡುತ್ತಿದ್ದವನ ಕೈಗೆ ಆ ಗೋಡೆ ಕಂಡರೆ ತುರಿಕೆ.

ಸಂಜೆ ಲಾರಿಗಳ ಓಡಾಟ ಕೊಂಚ ತಗ್ಗಿದಾಗ ಸಾಲಿನವರೆಲ್ಲ ಅತ್ತೆಯ ಮೆಟ್ಟಿಲ ಬಳಿ ಸೇರುವುದು ರೂಢಿ. ಅತ್ತೆ ಪದ ಹೇಳುತ್ತಿದ್ದರು. ಓದು ಬಾರದು, ಆದರೆ ಸಾಲಿನ ಮೇಸ್ತ್ರಿಯಾಗಿದ್ದ ಅವರಪ್ಪ ಬಾಯಿಪಾಠ ಮಾಡಿಸಿದ ನೂರಾರು ಪದ ನಾಲಿಗೆಯ ತುದಿಯಲ್ಲಿದ್ದವು. ಕಣ್ಣು ಮುಚ್ಚಿ, ಅಂಗೈಗಳನ್ನು ಮಂಡಿಯ ಮೇಲಿಟ್ಟು ಅವರು ಶುರುಮಾಡಿದರೆ ಹರಟೆಮಲ್ಲರೂ ಬಾಯಿ ಮುಚ್ಚುತ್ತಿದ್ದರು. ಬಡಗಿಗೂ ಅದು ಇಷ್ಟ. ಅವನೂ ಅಜ್ಜನ ಮಗ್ಗುಲಲ್ಲಿ ಕೂತು ಪದ ಕೇಳಿಯೇ ಬೆಳೆದವನು. ಕಡೆಗೆ ಎಲ್ಲರೂ ಸೇರಿ ಹೇಳುವ ಪದವೊಂದಿತ್ತು. ಅದಾಗದೆ ಯಾರೂ ಏಳುವಂತಿಲ್ಲ.

ಹಿಂದಣ ಗೋಡೆಗೆ ಕಣ್ಣನು ಕೊರೆಯದಿರು,
ಬಂದ ಗಾಳಿಯ ಬೆನ್ನಲೆ ಬರುವುದು ಕೇಡು;
ಆಳಿನ ಎತ್ತರ ಮರವನು ಬೆಳೆಸದಿರು,
ಬಾಳಿನ ಬುಡವನೆ ಕೀಳ್ವುದು, ಉಳಿಯದು ಗೂಡು;
ಸಂಜೆಗೆ ಮೇಲಣ ಹಾದಿಯ ತುಳಿಯದಿರು,
ಅಂಜಿಕೆಯಿಂದಲಿ ಹೊಸ್ತಿಲ ಒಳಗಡೆ ಕೂಡು.

ಸಾಲಿನವರು ಇದನ್ನು ಹೇಳುವ ಬಗೆಯೇ ಬೇರೆ. ಪ್ರತಿ ಸಾಲನ್ನೂ ನಡುವೆ ಮುರಿಯುತ್ತಿದ್ದರು. “ಹಿಂದಣ ಗೋಡೆಗೆ” ಎಂದು ನಿಂತು, ತೊಡೆಗೊಂದು ತಟ್ಟು ತಟ್ಟಿ, ಉಸಿರೆಳೆದು, “ಕಣ್ಣನು ಕೊರೆಯದಿರು” ಎಂದು ಮುಂದುವರಿಸುತ್ತಿದ್ದರು. ಯಾವ ಪದವಾದರೂ ಅಷ್ಟೇ. ನಲವತ್ತು ಮನೆಯವರೂ ಒಂದೇ ಕಡೆ ನಿಲ್ಲುವುದು, ಒಟ್ಟಿಗೆ ತಟ್ಟುವುದು ಕೇಳಲು ಚೆಂದ.

“ಇದು ನಮ್ಮ ಸಾಲಿನ ಬಿಡುವು ಕಣಯ್ಯ,” ಎಂದು ಹಾರನ್ ಮಾಮ ಹೆಮ್ಮೆಯಿಂದ ಹೇಳಿದ್ದ. ಹಾರನ್ ಮಾಮ ಲಾರಿ ಕ್ಲೀನರಾಗಿದ್ದು ಮನೆ ಸೇರಿದವನು. ಅವನ ಕೆಮ್ಮು ಕೇಳಿ ರಸ್ತೆಯ ಲಾರಿಗಳೇ ಪಕ್ಕಕ್ಕೆ ಸರಿಯುತ್ತವೆ ಎಂದು ಸಾಲಿನವರ ಗೇಲಿ. “ಬೇರೆ ಕಡೆಯೋರು ಗಡಗಡಾಂತ ಹೇಳ್ಕೊಂಡು ಹೋಗ್ತಾರೆ. ಈ ನಯ ಅವರಿಗೆಲ್ಲಿ ಬರ್ಬೇಕು?”

ಆ ಸಂಜೆ ಚಿಣ್ಣಿ ಅಜ್ಜಿಯ ಪಕ್ಕ ಕೂತು ಮೊದಲ ಸಲ ಇಡೀ ಪದ ಹೇಳಿದಳು. ಬಿಡುವಿನ ಜಾಗದಲ್ಲಿ ಪುಟ್ಟ ಕೈಯಿಂದ ತೊಡೆ ತಟ್ಟಿದಳು. ಎಲ್ಲರೂ “ಭಲೆ!” ಎಂದರು. ಬಡಗಿಗೆ ತಮಾಷೆ ಹೊಳೆಯಿತು.

“ಚಿಣ್ಣಿ, ನಮ್ಮಜ್ಜ ಅವರ ಪದ ಹೇಳ್ತಿದ್ದ ಹಾಗೆ ಇದನ್ನ ಹೇಳು ನೋಡೋಣ. ನಿಲ್ಲಿಸಬಾರದು. ಒಂದೇ ಉಸಿರು.”

ಅವನು ಹೇಳಿ ತೋರಿಸಿದ. ಎರಡು ಸಾಲನ್ನು ಒಂದೇ ಉಸಿರಿನಲ್ಲಿ ಆಚೆ ದಡಕ್ಕೆ ಮುಟ್ಟಿಸಿದ. ಚಿಣ್ಣಿ ಹುಮ್ಮಸ್ಸಿನಿಂದ ಶುರುಮಾಡಿದಳು. “ಹಿಂದಣ ಗೋಡೆಗೆ ಕಣ್ಣ...” ಅಲ್ಲಿಗೆ ದನಿ ಹೋಯಿತು. ಮತ್ತೆ ಶುರುಮಾಡಿದಳು, ಮತ್ತೆ ಅಲ್ಲಿಗೇ ನಿಂತಳು. ಮೂರನೆಯ ಸಲ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು.

“ಮಗೂನ ಯಾಕೆ ಗೋಳಾಡಿಸ್ತೀರಿ?” ಎಂದು ಅತ್ತೆ ಅವಳನ್ನು ಎಳೆದುಕೊಂಡರು.

ಮರುದಿನ ರಜೆ. ಆರೋಗ್ಯ ಕೇಂದ್ರದ ನರ್ಸಮ್ಮ ಮನೆಗೇ ಬಂದರು. ಕೈಚೀಲದಿಂದ ಬಿಳಿಯ ಕೊಳವೆಯೊಂದನ್ನು ತೆಗೆದರು. ಅದರ ಮೈಮೇಲೆ ಅಂಕಿಗಳು, ಒಂದು ಕೆಂಪು ಮುಳ್ಳು. ಜೋರಾಗಿ ಊದಿದಷ್ಟೂ ಮುಳ್ಳು ಮುಂದೆ ಹೋಗಬೇಕು. ಚಿಣ್ಣಿ ಕೆನ್ನೆ ಉಬ್ಬಿಸಿ ಊದಿದಳು. ಮುಳ್ಳು ಮನಸ್ಸಿಲ್ಲದ ಮನಸ್ಸಿನಿಂದ ತುಸು ಜರುಗಿ ನಿಂತಿತು. ನರ್ಸಮ್ಮನ ಮುಖದಲ್ಲಿದ್ದ ನಗು ಅಳಿಸಿಹೋಯಿತು.

“ನೀವು ಊದಿ,” ಎಂದು ಬಾಯಿತುದಿ ಬದಲಿಸಿ ಬಡಗಿಗೆ ಕೊಟ್ಟರು. ಅವನು ಊದಿದ. ಐನೂರ ಮೂವತ್ತು.

“ಕೊಡಿ ಇಲ್ಲಿ, ಮಕ್ಕಳಾಟ!” ಎಂದು ಬಾಗಿಲಲ್ಲಿ ಇಣುಕುತ್ತಿದ್ದ ಹಾರನ್ ಮಾಮ ಮುಂದೆ ಬಂದ. ಕಾಲು ಅಗಲಿಸಿ ನಿಂತು, ಕುಸ್ತಿಗೆ ಇಳಿದವನಂತೆ ಊದಿದ. ಇನ್ನೂರ ಹತ್ತು.

“ನಿಮ್ಮ ಕೊಳವೆ ಕೆಟ್ಟಿದೆ ಕಣಮ್ಮ.”

“ಕೊಳವೆ ಸರಿಯಾಗಿದೆ ಮಾಮ. ಆರು ವರ್ಷದಿಂದ ಈ ಸಾಲಿಗೆ ಬರ್ತಿದೀನಿ. ದೊಡ್ಡೋರಲ್ಲಿ ಒಬ್ಬರ ಮುಳ್ಳೂ ಇನ್ನೂರೈವತ್ತು ದಾಟಿದ್ದನ್ನ ನೋಡಿಲ್ಲ. ಬೀಡಿ ಸೇದೋರೂ ಅಷ್ಟೇ, ಸೇದದೋರೂ ಅಷ್ಟೇ. ಹಿಂದ್ಗಡೆ ಬಡಾವಣೇಲಿ ನಿಮಗಿಂತ ಹತ್ತು ವರ್ಷ ದೊಡ್ಡೋರು ನಾನೂರು ಊದ್ತಾರೆ. ಇಲ್ಲಿಗೂ ಅಲ್ಲಿಗೂ ನಡುವೆ ಇರೋದು ಈ ಒಂದು ಗೋಡೆ.”

ಬಡಗಿಯ ಕಿವಿಯಲ್ಲಿ ಹಿಂದಿನ ಸಂಜೆಯ ತಟ್ಟು ಕೇಳಿಸಿತು. ನಲವತ್ತು ಮನೆಯವರು ಒಂದೇ ಕಡೆ ನಿಲ್ಲುತ್ತಿದ್ದುದು ನಯಕ್ಕಲ್ಲ. ಅಲ್ಲಿಂದ ಮುಂದಕ್ಕೆ ಯಾರಲ್ಲೂ ಉಸಿರಿರಲಿಲ್ಲ. ಉಸಿರು ಸಾಲದ ಜಾಗಕ್ಕೆ ತಟ್ಟು ಕೊಟ್ಟು, ಹೆಸರು ಕೊಟ್ಟು, ಅದನ್ನೇ ಮಕ್ಕಳಿಗೆ ಕಲಿಸುತ್ತಾ ಬಂದಿದ್ದರು. ತನ್ನ ಮಗಳೂ ಕಲಿತಾಗಿತ್ತು. ನಾಲ್ಕೇ ತಿಂಗಳಲ್ಲಿ!

ನರ್ಸಮ್ಮ ಅವನನ್ನು ಮೆಟ್ಟಿಲಿಗೆ ಕರೆದು ದನಿ ತಗ್ಗಿಸಿದರು. “ಔಷಧಿ ಕೊಡ್ತೀನಿ. ಆದ್ರೆ ಎರಡು ತಿಂಗಳಲ್ಲಿ ಮೂರು ಸಲ ಆಸ್ಪತ್ರೆಗೆ ಹೊತ್ಕೊಂಡು ಓಡಿದೀರಿ. ನಾಲ್ಕನೇ ಸಲ ಹೊತ್ತಿಗೆ ಸರಿಯಾಗಿ ತಲುಪ್ತೀರಿ ಅಂತ ನಾನು ಬರೆದುಕೊಡಲಾರೆ. ಈ ಮನೇಲಿ ಗಾಳಿ ಈ ಕಡೆ ಬಂದು ಆ ಕಡೆ ಹೋಗೋ ಹಾಗೆ ಮಾಡಿ. ಇಲ್ಲಾಂದ್ರೆ ಮಗೂನ ಕರ್ಕೊಂಡು ಬೇರೆ ಕಡೆ ಹೋಗಿ.”

ಬೇರೆ ಕಡೆ ಎಂದರೆ ಎಲ್ಲಿ? ಬಡಗಿ ಒಳಗೆ ಬಂದವನೇ ಅತ್ತೆಯ ಮುಂದೆ ಕೂತ.

“ಅತ್ತೆ, ಹಿಂದಿನ ಗೋಡೇಲಿ ಒಂದು ಕಿಟಕಿ ಇಡ್ತೀನಿ. ಚೌಕಟ್ಟು ನಾನೇ ಮಾಡ್ತೀನಿ. ನಿಮಗೆ ಒಂದು ಚೂರೂ ಧೂಳು ಬೀಳದ ಹಾಗೆ ನೋಡ್ಕೋತೀನಿ.”

“ಆ ಮಾತು ಬೇಡಿ ಅಳಿಯಂದ್ರೆ.”

“ಯಾಕೆ ಬೇಡ?”

“ಪದ ಕೇಳಿಲ್ವಾ ನೀವು?”

“ಕೇಳಿದೀನಿ. ಅದು ಪದ ಅತ್ತೆ. ಇದು ಮಗು.”

ಅತ್ತೆ ಎದ್ದು ಹಿಂದಿನ ಗೋಡೆಯ ಬಳಿ ಹೋದರು. ಎದೆಯೆತ್ತರದಲ್ಲಿ ಒಂದು ಇಟ್ಟಿಗೆಯಗಲ ಜಾಗ ಉಳಿದ ಗೋಡೆಗಿಂತ ಕೊಂಚ ಉಬ್ಬಿತ್ತು. ಅದರ ಮೇಲೆ ಬೆರಳ ಗುರುತುಗಳು. ಯಾರೋ ಗಾರೆಯನ್ನು ಬರಿಗೈಯಲ್ಲಿ ಮೆತ್ತಿದ್ದರು.

“ಇಲ್ಲಿ ನೋಡಿ. ನಿಮ್ಮ ಭಾವಮೈದುನ, ನನ್ನ ಮಗ. ಅವನಿಗೂ ಹೀಗೇ ಉಬ್ಬಸ. ಒಂದು ಬೇಸಗೇಲಿ ತಡೆಯಲಾರದೆ ಇಲ್ಲೊಂದು ಇಟ್ಟಿಗೆ ಕಿತ್ತ. ಬಗ್ಗಿ ಅದಕ್ಕೆ ಮೂಗಿಟ್ಟುಕೊಂಡು ನಿಂತಿರ್ತಿದ್ದ. ‘ಅಮ್ಮ, ಆಚೆ ತಂಪಿದೆ’ ಅಂತಿದ್ದ. ನಾನು ನೋಡಿ ಎದೆ ಬಡ್ಕೊಂಡೆ. ಅವನು ಕೆಲಸಕ್ಕೆ ಹೋದಾಗ ಮುಚ್ಚಿಬಿಟ್ಟೆ. ಆದ್ರೆ ಅಷ್ಟರಲ್ಲಿ ಗಾಳಿ ಒಳಗೆ ಬಂದಾಗಿತ್ತು. ಮೂರು ತಿಂಗಳಿಗೆ ಹೋದ. ಮೂವತ್ತೊಂದು ವರ್ಷ.” ಅವರು ಆ ಉಬ್ಬನ್ನು ಮಗುವಿನ ತಲೆ ಸವರುವಂತೆ ಸವರಿದರು. “ಒಬ್ಬನ್ನ ಕೊಟ್ಟು ಕಲಿತಿದೀನಿ. ಮೊಮ್ಮಗಳನ್ನ ಕೊಡಲಾರೆ.”

ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತೆಯೂ ಅಳಿಯನೂ ಕಾಯಲು ಹೊರಟಿದ್ದು ಒಂದೇ ಜೀವವನ್ನು.

ಆದರೂ ಅವನು ಕೈಕಟ್ಟಿ ಕೂರಲಿಲ್ಲ. ಕಿಟಕಿಗೆ ಪುರಸಭೆಯ ಅಪ್ಪಣೆ ಬೇಕಾಗಬಹುದು, ಕಾಗದವಾದರೂ ಕೈಯಲ್ಲಿರಲಿ, ಅತ್ತೆಯ ಮನಸ್ಸು ಕರಗುವ ದಿನಕ್ಕೆ ಅಡ್ಡಿ ಬೇಡ ಎಂದುಕೊಂಡು ಮಂಗಳವಾರ ಅರ್ಧ ದಿನ ರಜೆ ಹಾಕಿ ದಾಖಲೆ ಕೋಣೆಗೆ ಹೋದ. ಅಲ್ಲಿಯ ಗುಮಾಸ್ತ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕಡತಗಳ ನಡುವೆ ಕೂತಿದ್ದ. ಮನೆ ನಂಬರು ಕೇಳಿ, ಏಣಿ ಹತ್ತಿ, ಧೂಳು ಕೊಡವಿ ಒಂದು ಹಳದಿ ಹಾಳೆ ಇಳಿಸಿದ.

“ಏನ್ರೀ, ಕಿಟಕಿ ಇಡೋಕೆ ಅಪ್ಪಣೆನಾ? ಇಡ್ರೀ, ಯಾರು ಬೇಡ ಅಂದೋರು? ಈ ಷರತ್ತು ರದ್ದಾಗಿ ಮೂವತ್ತೆಂಟು ವರ್ಷ ಆಯ್ತು.”

“ಯಾವ ಷರತ್ತು?”

“ಅದೇ ರೀ, ಹಂಚಿಕೆ ಪತ್ರದ್ದು. ನಿಮಗೆ ಗೊತ್ತಿಲ್ವಾ?” ಗುಮಾಸ್ತ ಹಾಳೆಯ ಅಂಚಿನ ಮೊಹರು ತೋರಿಸಿದ. “ಯಾರಾದ್ರೂ ಬಂದು ಕೇಳ್ತಾರೆ ಅಂತ ನಾನೂ ಕಾಯ್ತಿದ್ದೆ. ನಲವತ್ತು ಮನೇಲಿ ಒಬ್ಬರೂ ಬರಲಿಲ್ಲ.”

“ನೀವು ಯಾರಿಗಾದ್ರೂ ಹೇಳಿದ್ರಾ?”

“ಹೇಳೋದು ನಮ್ಮ ಕೆಲಸ ಅಲ್ಲ ರೀ. ನಮ್ಮದು ಕಾಗದ ಇಡೋ ಕೆಲಸ.”

ಬಡಗಿ ಹಾಳೆಯ ಮೇಲೆ ಕಣ್ಣಾಡಿಸಿದ. ಮೊದಲ ಷರತ್ತು ಓದಿದ, ಎರಡನೆಯದು ಓದಿದ. ನಿಂತಲ್ಲೇ ಮತ್ತೊಮ್ಮೆ ಮೊದಲಿನಿಂದ ಓದಿದ. ನಕಲು ಮಾಡಿಸಿಕೊಂಡು ಮನೆಯವರೆಗೆ ಹೇಗೆ ನಡೆದು ಬಂದನೋ ಅವನಿಗೇ ತಿಳಿಯದು.

ಮನೆಯಲ್ಲಿ ಇನ್ನೂ ಬೆಳಕಿತ್ತು. ಅತ್ತೆ ಹೊಸ್ತಿಲ ಬಳಿ ಕೂತು ಚಿಣ್ಣಿಯ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಮುಗಿಸಿ ಆಗಷ್ಟೇ ಬಂದು ಕಾಲು ಚಾಚಿದ್ದಳು.

“ಅತ್ತೆ, ಈ ಮನೆ ಕೊಟ್ಟಾಗಿನ ಕಾಗದ ಸಿಕ್ತು. ಓದಲಾ?”

“ಓದಿ. ನಮ್ಮಪ್ಪನ ಕಾಲದ್ದು. ಆಗ ನಾನು ಚಿಣ್ಣಿಯಷ್ಟಿದ್ದೆ.”

ಬಡಗಿ ಓದಿದ. “‘ಕೆಳಸಾಲಿನ ಮನೆಗಳನ್ನು ಮೂರನೆಯ ದರ್ಜೆಯ ಜನರಿಗೆ ಮಾತ್ರ ಹಂಚತಕ್ಕದ್ದು. ಮೇಲಿನ ಬಡಾವಣೆಯ ನಿವಾಸಿಗಳ ಆರೋಗ್ಯ ಹಾಗೂ ನೆಮ್ಮದಿಯ ದೃಷ್ಟಿಯಿಂದ ಈ ಕೆಳಗಿನ ಷರತ್ತುಗಳು ಅನ್ವಯಿಸುತ್ತವೆ. ಒಂದು. ಮನೆಯ ಹಿಂಭಾಗದ ಗೋಡೆಯಲ್ಲಿ ಕಿಟಕಿ, ಗವಾಕ್ಷಿ, ಬೆಳಕಿಂಡಿ ಇತ್ಯಾದಿ ಯಾವುದೇ ತೆರಪನ್ನು ಇರಿಸತಕ್ಕದ್ದಲ್ಲ.’”

ನೆಲದಲ್ಲಿ ಆಡುತ್ತಿದ್ದ ಚಿಣ್ಣಿ ತಲೆ ಎತ್ತಿದಳು. “ಹಿಂದಣ ಗೋಡೆಗೆ,” ಎಂದು ತೊಡೆ ತಟ್ಟಿದಳು, “ಕಣ್ಣನು ಕೊರೆಯದಿರು! ಅಪ್ಪ, ಇದು ಅಜ್ಜಿ ಪದ!”

ಅತ್ತೆಯ ಸೂಜಿ ನಿಂತಿತು. ಬಡಗಿಗೆ ಮುಂದೆ ಓದಲು ಭಯವಾಯಿತು. ಆದರೆ ಅತ್ತೆ “ಓದಿ” ಎಂದರು.

“‘ಎರಡು. ಮನೆಯ ಸುತ್ತ ಆಳೆತ್ತರಕ್ಕೆ ಮೀರಿದ ಮರಗಳನ್ನು ಬೆಳೆಸತಕ್ಕದ್ದಲ್ಲ.’”

ಅತ್ತೆಯ ತುಟಿಗಳು ತಾವಾಗಿಯೇ ಅಲುಗಿದವು. ಅರವತ್ತು ವರ್ಷದ ಅಭ್ಯಾಸ. “ಆಳಿನ ಎತ್ತರ,” ಎಂದರು, ಬಿಡುವಿನ ಜಾಗದಲ್ಲಿ ನಿಂತರು. ಮುಂದಿನ ಮಾತು ಬರಲಿಲ್ಲ.

“‘ಮೂರು. ಸೂರ್ಯಾಸ್ತದ ನಂತರ ಮೇಲಿನ ಬಡಾವಣೆಯ ರಸ್ತೆಗಳಲ್ಲಿ ಸಂಚರಿಸತಕ್ಕದ್ದಲ್ಲ. ಷರತ್ತು ಮೀರಿದವರ ಮನೆಯನ್ನು ಕೂಡಲೇ ಹಿಂಪಡೆಯಲಾಗುವುದು.’” ಬಡಗಿ ಬೆರಳನ್ನು ಹಾಳೆಯ ತುದಿಗೆ ಇಳಿಸಿದ. “ಕೆಳಗೆ ಇನ್ನೊಂದು ಸಾಲಿದೆ ಅತ್ತೆ. ‘ಓದು ಬಾರದ ನಿವಾಸಿಗಳಿಗೆ ಮೇಲ್ಕಂಡ ಷರತ್ತುಗಳನ್ನು ಬಾಯಿಪಾಠ ಮಾಡಿಸಿದ್ದೇನೆ.’ ಅಂತ ಬರೆದು ಸಾಲಿನ ಮೇಸ್ತ್ರಿಯ ಸಹಿ.”

ಸಾಲಿನ ಮೇಸ್ತ್ರಿ ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಅತ್ತೆ ಕಾಗದ ಇಸಿದುಕೊಂಡರು. ಓದು ಬಾರದಿದ್ದರೂ ಅಪ್ಪನ ಸಹಿಯ ಕೊನೆಯ ಕೊಂಕನ್ನು ಅವರು ಬಲ್ಲರು. ಬೆರಳು ಅದರ ಮೇಲೆ ಹೋಗಿ ನಿಂತಿತು.

“ಮನೆ ಕಿತ್ಕೋಬಾರದು ಅಂತ ನಿಮ್ಮಪ್ಪ ಇದನ್ನ ಪದ ಮಾಡಿದ್ದಾರೆ ಅತ್ತೆ,” ಎಂದ ಬಡಗಿ. “ಜನಕ್ಕೆ ಕಾಗದ ಓದೋಕೆ ಬರಲ್ಲ, ಪದ ಆದ್ರೆ ಮರೆಯಲ್ಲ. ಅವರು ಕೆಟ್ಟದ್ದು ಬಯಸಿಲ್ಲ.”

“ಕೇಡು ಅಂತ ಹೇಳಿದ್ರು,” ಎಂದರು ಅತ್ತೆ. “ಗಾಳಿ ಬೆನ್ನಲ್ಲೇ ಕೇಡು ಬರುತ್ತೆ ಅಂತ ತೊಡೆ ಮೇಲೆ ಕೂರಿಸ್ಕೊಂಡು ಹೇಳಿಕೊಟ್ರು. ನಾನು ಅದನ್ನ ದೇವರ ಮಾತು ಅಂದ್ಕೊಂಡೆ.” ಕಾಗದವನ್ನು ಅವನ ಕಡೆ ತಿರುಗಿಸಿ ಕೇಳಿದರು. “ಇದು ರದ್ದಾಗಿದ್ದು ಯಾವಾಗ?”

ಬಡಗಿ ಈ ಪ್ರಶ್ನೆ ಬಾರದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದ. ಸುಳ್ಳು ನಾಲಿಗೆಗೆ ಬಂತು, ಹೊರಡಲಿಲ್ಲ. “ಮೂವತ್ತೆಂಟು ವರ್ಷ ಆಯ್ತಂತೆ.”

“ನನ್ನ ಮಗ ಹೋಗಿ ಹನ್ನೊಂದು ವರ್ಷ.”

ಹೆಂಡತಿ “ಅಮ್ಮ” ಎಂದಳು. ಅತ್ತೆ ಅಳಲಿಲ್ಲ. ಅತ್ತಿದ್ದರೆ ನೋಡುವವರಿಗೆ ಹಗುರಾಗುತ್ತಿತ್ತು. ಅವರು ತಮ್ಮ ಬಲಗೈಯನ್ನು ಮುಖದ ಮುಂದೆ ಹಿಡಿದು, ಬೇರೆ ಯಾರದೋ ಕೈ ನೋಡುವಂತೆ ಹಿಂದೆ ಮುಂದೆ ತಿರುಗಿಸಿ ನೋಡಿದರು. ಗಾರೆ ಮೆತ್ತಿದ ಕೈ ಅದು. ಆಮೇಲೆ ಅರ್ಧ ಹೊಲಿದ ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟರು. ಆ ಸಂಜೆ ಮೆಟ್ಟಿಲಿಗೆ ಬರಲಿಲ್ಲ. ಸಾಲಿನವರು ಬಂದು, ಬಾಗಿಲು ಹಾಕಿದ್ದನ್ನು ಕಂಡು, ಮುಖ ಮುಖ ನೋಡಿಕೊಂಡು ಹಿಂದಿರುಗಿದರು.

ಬೆಳಗಾಗುವಷ್ಟರಲ್ಲಿ ಕಾಗದದ ಸುದ್ದಿ ನಲವತ್ತು ಮನೆ ಸುತ್ತಿತ್ತು. ಬಡಗಿ ಹಲ್ಲುಜ್ಜಿ ಬರುವ ಹೊತ್ತಿಗೆ ಅತ್ತೆ ಅವನ ಸಾಮಾನಿನ ಪೆಟ್ಟಿಗೆಯ ಮುಂದೆ ನಿಂತಿದ್ದರು.

“ಇದರಲ್ಲಿ ಗೋಡೆ ಒಡೆಯೋದು ಯಾವುದು ಅಳಿಯಂದ್ರೆ?”

ಅವನು ದಪ್ಪ ಉಳಿಯನ್ನೂ ಸುತ್ತಿಗೆಯನ್ನೂ ತೆಗೆದುಕೊಟ್ಟ. “ನಾನು ಮಾಡ್ತೀನಿ” ಎಂದರೂ ಅವರು ಬಿಡಲಿಲ್ಲ. ಉಬ್ಬಿದ ಜಾಗಕ್ಕೆ ಉಳಿಯಿಟ್ಟು ತಟ್ಟಿದರು. ಎರಡು ಏಟಿಗೊಮ್ಮೆ ನಿಂತು ಉಸಿರೆಳೆಯುತ್ತಿದ್ದರು. ತಮ್ಮ ಬೆರಳ ಗುರುತಿದ್ದ ಗಾರೆ ಚೂರುಚೂರಾಗಿ ಕಾಲ ಬಳಿ ಬಿತ್ತು. ಕಡೆಗೆ ಇಟ್ಟಿಗೆ ಸಡಿಲವಾಯಿತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಎಳೆದರು.

ಗಾಳಿ ಬಂತು. ಏನೂ ದೊಡ್ಡದಲ್ಲ, ಒಂದು ಇಟ್ಟಿಗೆಯಗಲದ ಗಾಳಿ. ಹಸಿ ಎಲೆಯ ವಾಸನೆ ಹೊತ್ತು ಬಂದು ಕೋಣೆಯುದ್ದ ನಡೆದು ಮುಂದಿನ ಬಾಗಿಲಿಂದ ಹೊರಗೆ ಹೋಯಿತು. ತಂತಿಯ ಮೇಲಿದ್ದ ಬಟ್ಟೆಗಳು ಅಲುಗಿದವು. ಚಿಣ್ಣಿ ಓಡಿಬಂದು ಆ ತೂತಿಗೆ ಅಂಗೈ ಒಡ್ಡಿದಳು. “ಅಜ್ಜಿ, ಆಚೆ ತಂಪಿದೆ!”

ಅತ್ತೆ ಇಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ನಿಂತರು. ಅದೇ ಮಾತನ್ನು ಅವರು ಮೊದಲೂ ಕೇಳಿದ್ದರು.

ಸದ್ದು ಕೇಳಿ ಬಾಗಿಲಲ್ಲಿ ಜನ ಕೂಡಿದ್ದರು. ಯಾರೂ ಹೊಸ್ತಿಲು ದಾಟಲಿಲ್ಲ. ಒಬ್ಬಾಕೆ ಗಾಳಿ ತಾಗದಂತೆ ಕೂಸಿನ ತಲೆಗೆ ಸೆರಗು ಹೊದಿಸಿದಳು. ಬಡಗಿ ಸೀಸದ ಕಡ್ಡಿಯಿಂದ ಗೋಡೆಯ ಮೇಲೆ ಕಿಟಕಿಯ ಅಳತೆ ಗೀಚತೊಡಗಿದ. ಎರಡೂವರೆ ಅಡಿ, ಮೂರಡಿ. ಆಗ ಹಾರನ್ ಮಾಮ ಚಪ್ಪಲಿ ಕಳಚಿ ಒಳಗೆ ಬಂದ. ಅವನ ಮುಖದಲ್ಲಿ ಎಂದಿನ ತುಂಟತನವಿರಲಿಲ್ಲ.

“ತಂಗಿ, ಕಾಗದದ ವಿಷಯ ಕೇಳಿದೆ. ಇರಬಹುದು. ನಾನು ಓದಿದವನಲ್ಲ. ಗೋಡೆ ಒಡೀರಿ, ಬೇಡ ಅನ್ನಲ್ಲ. ನಮ್ಮ ಮನೇದೂ ಒಡೆಸ್ತೀನಿ ಬೇಕಾದ್ರೆ. ಆದ್ರೆ ಜನ ಹೆದರಿದಾರೆ. ನಾನೂ ಹೆದರಿದೀನಿ ಅಂತಿಟ್ಕೋ. ನಿನ್ನೆ ಸಂಜೆ ಪದ ಇಲ್ಲದೆ ಒಬ್ಬರಿಗೂ ಕಣ್ಣು ಹತ್ತಿಲ್ಲ. ನಿನ್ನ ಬಾಯಿಂದ ಆ ಕಡೇ ಪದ ಒಂದ್ಸಲ ಹೇಳ್ಬಿಡು. ಒಂದೇ ಸಲ. ಆಮೇಲೆ ಏನು ಬೇಕಾದ್ರೂ ತೆರೀರಿ.”

ಬಾಗಿಲಲ್ಲಿದ್ದವರು ಆಗಲೇ ತೊಡೆಯ ಬಳಿ ಕೈ ತಂದಿದ್ದರು, ತಟ್ಟಲು. ಚಿಣ್ಣಿಯೂ ಗೋಡೆಯ ತೂತಿನಿಂದ ಕೈ ತೆಗೆದು ಅಜ್ಜಿಯ ಮುಖ ನೋಡಿದಳು.

ಅತ್ತೆಯ ತುಟಿ ಅಲುಗಿತು. ಮೊದಲ ಮಾತಿಗೆ ಬೇಕಾದಷ್ಟು ಉಸಿರೂ ಒಳಗೆ ಹೋಯಿತು. ಬಡಗಿಯ ಕೈಯ ಸೀಸದ ಕಡ್ಡಿ ಗೋಡೆಯ ಮೇಲೆ ಅಲ್ಲೇ ನಿಂತಿತು.

ಅವರು ಇಟ್ಟಿಗೆಯನ್ನು ಬಗ್ಗಿ ನೆಲಕ್ಕಿಟ್ಟು, ಕೈಗಂಟಿದ ಗಾರೆಯ ಪುಡಿ ಒರೆಸಿಕೊಂಡು, ಹಾರನ್ ಮಾಮನ ಮುಖವನ್ನೇ ನೋಡಿದರು.

“ಹೇಳಲ್ಲ ಅಣ್ಣ.”